ಸಾಲ್ವೇಶನ್ ಆರ್ಮಿಯವರು ಬೀದಿಯಲ್ಲಿ ಮಲಗುವವರಿಗೆ ಊಟ ಕೊಡಲು ಶುರು ಮಾಡಿದ್ದು ಹೇಗೆ? ಬಿಟ್ಟಿಯಾಗಿ ಕೊಡುತ್ತಿದ್ದರಾ?

ಬಿಟ್ಟಿ ಅಲ್ಲ, ಕಾಸು ತೆಗೆದುಕೊಂಡೇ ಕೊಡುತ್ತಿದ್ದರು.

ಸಾಲ್ವೇಶನ್ ಆರ್ಮಿ ಅನ್ನೋ ಈ ಕ್ರೈಸ್ತ ಸೇವಾಸಂಸ್ಥೆಯನ್ನು ಕಟ್ಟಿದ ವಿಲಿಯಂ ಬೂತ್ ಮತ್ತು ಅವರ ಹೆಂಡತಿ ಕ್ಯಾಥರೀನ್ 1865ರಲ್ಲಿ ಪೂರ್ವ ಲಂಡನ್ನಿನ ಬಡವರ ಕೇರಿಗಳಲ್ಲಿ ಕೆಲಸ ಶುರು ಮಾಡಿದರು. ಆಗ ಧರ್ಮಬೋಧನೆಯೇ ಜಾಸ್ತಿ. 1887ರ ಕೊನೆಯಲ್ಲಿ ಒಂದು ರಾತ್ರಿ ಬೂತ್ ಲಂಡನ್ ಬ್ರಿಡ್ಜ್ ದಾಟುವಾಗ, ಆ ಚಳಿಯಲ್ಲಿ ಸೇತುವೆಯ ಸಂದಿಗಳಲ್ಲೇ ಮುದುಡಿ ಮಲಗಿದ್ದವರನ್ನು ಕಂಡರಂತೆ. ಏನಾದರೂ ಮಾಡಲೇಬೇಕು ಅಂತ ಮಗ ಬ್ರಾಮ್‌ವೆಲ್‌ಗೆ ತಾಕೀತು ಮಾಡಿದರು. 1888ರಲ್ಲಿ ಹಡಗುಕಟ್ಟೆಯ ಹತ್ತಿರ ಲೈಮ್‌ಹೌಸ್‌ನಲ್ಲಿ ಊಟ, ವಸತಿಯ ಕೇಂದ್ರ ತೆರೆಯಿತು. ದೊಡ್ಡವರಿಗೆ ಅರ್ಧ ಪೆನ್ನಿಗೆ ಒಂದು ಬಟ್ಟಲು ಸೂಪು. ಮಕ್ಕಳಿಗೆ ಅದರಲ್ಲೂ ಅರ್ಧ.

ಸುಮ್ನೆ ಕೊಟ್ಟರೆ ತಗೊಳ್ಳುವವರ ಸ್ವಾಭಿಮಾನ ಸತ್ತುಹೋಗುತ್ತದೆ ಅನ್ನೋದು ಬೂತ್ ವಾದ. ಕೈಯಲ್ಲಿ ಕಾಸೇ ಇಲ್ಲದವರಿಗೆ ಆಮೇಲೆ ಕಾರ್ಖಾನೆಯನ್ನೂ ತೆರೆದರು. ಅಲ್ಲಿ ದುಡಿದರೆ ಊಟ, ಮಲಗಲು ಜಾಗ ಎರಡೂ ಸಿಗುತ್ತಿತ್ತು. ಹಾಡು, ಪ್ರಾರ್ಥನೆ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಸಾಮಾನ್ಯವಾಗಿ ರಾತ್ರಿ ಊಟ ಮುಗಿದ ಮೇಲೆ. ಮತಪ್ರಚಾರದ ಬಗ್ಗೆ ನನಗೆ ತಕರಾರಿದೆ, ಆದರೂ ಈ ಸರದಿ ಮಾತ್ರ ಸರಿ ಅನಿಸುತ್ತದೆ. ಅವರ ಘೋಷಣೆಯಲ್ಲೂ ಅದೇ ಸರದಿ: ಸೂಪ್, ಸೋಪ್, ಸಾಲ್ವೇಶನ್ (ಅಂದರೆ ಆತ್ಮದ ಉದ್ಧಾರ).