ತಂಗಿಗೆ ಗಂಡನ ಹೊಡೆತ, ಠಾಣೆಯಲ್ಲಿ ಬರೀ ಮುಚ್ಚಳಿಕೆ: ತಾಲ್ಲೂಕಿನಲ್ಲೇ ನೆರವು ಎಲ್ಲಿ ಸಿಗುತ್ತದೆ?

ಮೊದಲಿಗೆ ಒಂದು ವಿನಂತಿ: ಈ ಉತ್ತರವನ್ನು ನಿಮ್ಮ ತಂಗಿಯ ಮೊಬೈಲಿಗೆ ಕಳುಹಿಸಬೇಡಿ. ಆರು ವರ್ಷಗಳಿಂದ ಹೊಡೆಯುತ್ತಿರುವ ಗಂಡ ಹೆಂಡತಿಯ ಫೋನನ್ನು ನೋಡದೆ ಇರುತ್ತಾನೆಂದು ನಂಬುವುದಕ್ಕೆ ಕಾರಣವಿಲ್ಲ. ಓದಿಕೊಂಡು, ಅವರು ಒಬ್ಬರೇ ಇರುವ ಹೊತ್ತಿನಲ್ಲಿ ಬಾಯಿಮಾತಿನಲ್ಲಿ ಹೇಳಿ.

ನೀವು ಬರೆದಿರುವ ಪ್ರಕಾರ ನಿಮ್ಮ ತಂಗಿ ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ, ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಇದ್ದಾರೆ; ಎರಡು ಸಲ ಠಾಣೆಗೆ ಹೋದಾಗಲೂ ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿ ಕಳುಹಿಸಿದ್ದಾರೆ; ನೀವು ಪುಣೆಯಲ್ಲಿದ್ದೀರಿ, ಅಲ್ಲಿ ಯಾರ ಬಾಗಿಲು ತಟ್ಟಬೇಕೆಂದು ನಿಮಗೆ ತಿಳಿಯುತ್ತಿಲ್ಲ. ನಾನು ಒಂದು ತಾಲ್ಲೂಕಿನಲ್ಲಿ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ಒಂಬತ್ತು ವರ್ಷ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ತಂಗಿ ಮೊದಲು ಹೋಗಬೇಕಾದ ಸ್ಥಳ ಠಾಣೆಯಲ್ಲ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ, ಅಂದರೆ ಜನ ಸಿಡಿಪಿಓ ಆಫೀಸು ಎಂದು ಕರೆಯುವ ಜಾಗ.

ಇದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಗೂ ಗಂಡನ ಹೊಡೆತಕ್ಕೂ ಏನು ಸಂಬಂಧ ಎಂದು ಕೇಳುತ್ತಾರೆ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆಯು ಸಂರಕ್ಷಣಾಧಿಕಾರಿ ಎಂಬ ಹುದ್ದೆಯನ್ನು ಹೇಳುತ್ತದೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಹೊಣೆಯನ್ನು ಸಿಡಿಪಿಓಗಳಿಗೇ ವಹಿಸಲಾಗಿದೆ. ಕಚೇರಿಯ ಬೋರ್ಡಿನಲ್ಲಿ ಇದು ಎದ್ದು ಕಾಣುವುದು ಅಪರೂಪ. ನಮ್ಮ ಕೇಂದ್ರಕ್ಕೆ ಬಂದ ಒಬ್ಬ ತಾಯಿ, ಮಗುವಿನ ಪೌಷ್ಟಿಕ ಆಹಾರದ ವಿಚಾರವಾಗಿ ಆ ಕಚೇರಿಗೆ ಮೂರು ಸಲ ಹೋಗಿಬಂದವರು, ಅದರಲ್ಲಿ ಒಮ್ಮೆ ಬೆನ್ನಿನ ಮೇಲೆ ಬಾಸುಂಡೆ ಇಟ್ಟುಕೊಂಡೇ ಹೋದವರು. ಅದನ್ನೂ ಅಲ್ಲಿಯೇ ಹೇಳಬಹುದಿತ್ತು ಎಂಬುದು ಅವರಿಗೆ ನಮ್ಮಿಂದ ತಿಳಿಯಿತು. ಇನ್ನೊಂದು ಅನುಕೂಲವನ್ನೂ ಗಮನಿಸಿ: ಠಾಣೆಗೆ ಹೋದ ಹೆಂಗಸನ್ನು ಊರೆಲ್ಲ ನೋಡುತ್ತದೆ, ಸಿಡಿಪಿಓ ಆಫೀಸಿಗೆ ಮಗುವನ್ನು ಎತ್ತಿಕೊಂಡು ಹೋದವಳನ್ನು ಯಾರೂ ಏಕೆಂದು ಕೇಳುವುದಿಲ್ಲ.

ಅಲ್ಲಿ ಮಾಡಬೇಕಾದದ್ದು ಒಂದು ಮುಖ್ಯ ಕೆಲಸ. ನಡೆದದ್ದನ್ನೆಲ್ಲ ಹೇಳಿ, ಕೌಟುಂಬಿಕ ಘಟನಾ ವರದಿಯನ್ನು ದಾಖಲಿಸಬೇಕೆಂದು ಕೇಳಬೇಕು. ಕಚೇರಿಯವರು ಇದನ್ನು ಡಿಐಆರ್ ಎನ್ನುತ್ತಾರೆ, ಆ ಪದವನ್ನೇ ಬಳಸಿದರೆ ಮಾತು ಬೇಗ ಮುಂದೆ ಸಾಗುತ್ತದೆ. ಹೊಡೆತ ಮಾತ್ರವಲ್ಲ, ಬೈಗುಳ, ಬೆದರಿಕೆ, ಇಷ್ಟವಿಲ್ಲದ ಲೈಂಗಿಕ ಸಂಪರ್ಕ, ಮನೆಖರ್ಚಿಗೆ ಹಣ ಕೊಡದಿರುವುದು, ಒಡವೆಯನ್ನು ಕಿತ್ತುಕೊಂಡು ಗಿರವಿ ಇಟ್ಟದ್ದು, ಇವೆಲ್ಲವೂ ಆ ಕಾಯ್ದೆಯಲ್ಲಿ ದೌರ್ಜನ್ಯವೇ ಆದ್ದರಿಂದ ಎಲ್ಲವನ್ನೂ ಬರೆಸಬೇಕು. ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು, ನ್ಯಾಯಾಲಯಕ್ಕೆ ಅರ್ಜಿ ಬರೆಯಲು ನೆರವಾಗುವುದು, ವೈದ್ಯಕೀಯ ಪರೀಕ್ಷೆ ಮತ್ತು ಆಶ್ರಯದ ಏರ್ಪಾಡು ಮಾಡುವುದು ಆ ಅಧಿಕಾರಿಯ ಕರ್ತವ್ಯ. ತಮ್ಮ ವ್ಯಾಪ್ತಿಯಲ್ಲಿ ನೆರವು ನೀಡುವ ಸಂಸ್ಥೆಗಳ, ಆಶ್ರಯಗೃಹಗಳ ಮತ್ತು ಆಸ್ಪತ್ರೆಗಳ ಪಟ್ಟಿಯನ್ನು ಅವರು ಇಟ್ಟುಕೊಂಡಿರಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಸ್ಥಳೀಯವಾಗಿ ಯಾರಿದ್ದಾರೆ ಎಂಬ ನಿಮ್ಮ ಪ್ರಶ್ನೆಯನ್ನು ನನಗಿಂತ ಮೊದಲು ಅವರಿಗೇ ಕೇಳಬೇಕು. ಸಾಂತ್ವನ ಕೇಂದ್ರ ಎಲ್ಲ ತಾಲ್ಲೂಕಿನಲ್ಲೂ ಈಗ ಇರುತ್ತದೆಂದು ಹೇಳಲಾರೆ, ನಿಮ್ಮ ತಂಗಿಯ ಊರಿನಲ್ಲಿ ಇದ್ದರೆ ಅದರ ವಿಳಾಸವೂ ಅಲ್ಲಿ ಸಿಗುತ್ತದೆ.

ನೀವು ಪುಣೆಯಲ್ಲಿ ಕುಳಿತು ಏನೂ ಮಾಡಲಾಗುತ್ತಿಲ್ಲ ಎಂದು ಬರೆದಿದ್ದೀರಿ. ಅದು ಪೂರ್ತಿ ನಿಜವಲ್ಲ. ಇಂತಹ ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಆದರೆ ತಂಗಿಯನ್ನು ಕೇಳದೆ ಹಾಗೆ ಮಾಡಬೇಡಿ. ತವರಿನವರು ಆವೇಶದಲ್ಲಿ ದೂರು ಕೊಟ್ಟು ಊರಿಗೆ ಮರಳಿದ ಮೇಲೆ, ಅದೇ ರಾತ್ರಿ ಅದೇ ಮನೆಯಲ್ಲಿ ಮಲಗಬೇಕಾದವಳು ಅವಳೇ ಎಂಬುದನ್ನು ನಾನು ಹಲವು ಬಾರಿ ಕಂಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಮಹಿಳೆಯರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ; ದೇಶದಾದ್ಯಂತ ಹಿಂಸೆಗೊಳಗಾದವರಲ್ಲಿ ಯಾರ ನೆರವನ್ನಾದರೂ ಕೇಳಿದವರು ಶೇ 14ರಷ್ಟು ಮಾತ್ರ, ಅವರಲ್ಲೂ ಹೆಚ್ಚಿನವರು ಕೇಳಿದ್ದು ತಮ್ಮ ತವರಿನವರನ್ನೇ. ನಿಮ್ಮ ತಂಗಿ ನಿಮ್ಮ ಹತ್ತಿರ ಬಾಯಿಬಿಟ್ಟಿದ್ದಾರೆ. ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ಅವರೇ ಹೇಳಲಿ.

ಮತ್ತೆ ಹೊಡೆತ ಬಿದ್ದು ಗಾಯವಾದರೆ ದಾರಿ ಬೇರೆ. ಆ ಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181. ಮಾತು ಮುಗಿದ ಮೇಲೆ ಕರೆಯ ದಾಖಲೆಯನ್ನು ಅಳಿಸಲು ಹೇಳಿ. ಸರ್ಕಾರಿ ಆಸ್ಪತ್ರೆಗೆ ಹೋದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳದೆ, ಗಂಡ ಹೊಡೆದ ಎಂದೇ ಹೇಳಿ, ಹಲ್ಲೆಯ ಗಾಯಗಳ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸಬೇಕು. ಮುಂದೆ ವಕೀಲರು ಮೊದಲು ಕೇಳುವ ಕಾಗದವೇ ಅದು. ಜಿಲ್ಲಾ ಕೇಂದ್ರದಲ್ಲಿ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲಿಯೋ ಹತ್ತಿರದಲ್ಲಿಯೋ, ಸಖಿ ಒನ್ ಸ್ಟಾಪ್ ಸೆಂಟರ್ ಇರುತ್ತದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಮತ್ತು ತಂಗಲು ಜಾಗ ಒಂದೇ ಕಡೆ ಸಿಗಬೇಕು. ತಂಗುವ ಅವಕಾಶ ಐದು ದಿನಗಳಷ್ಟೇ ಎಂಬುದನ್ನು ಮೊದಲೇ ತಿಳಿದಿರಿ. ಹೆಚ್ಚು ದಿನ ಬೇಕಾದವರನ್ನು ಈಗ ಶಕ್ತಿ ಸದನ ಎಂದು ಕರೆಯಲಾಗುವ, ಹಿಂದಿನ ಸ್ವಾಧಾರ ಗೃಹಗಳಿಗೆ ಅಥವಾ ರಾಜ್ಯ ಮಹಿಳಾ ನಿಲಯಕ್ಕೆ ಕಳುಹಿಸುತ್ತಾರೆ. ಜಿಲ್ಲಾ ಕೇಂದ್ರದವರೆಗೆ ಹೋಗಲು ಕೈಯಲ್ಲಿ ದುಡ್ಡಿಲ್ಲ ಎಂಬ ಮಾತು ನಮ್ಮ ಕಾಲದಲ್ಲಿ ದೊಡ್ಡ ಅಡ್ಡಿಯಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುರುತಿನ ಚೀಟಿ ಇದ್ದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ.

ಮನೆ ಅತ್ತೆಯ ಹೆಸರಿನಲ್ಲಿದೆ, ಹೊರಗೆ ಹಾಕಿದರೆ ಏನು ಗತಿ ಎಂಬುದು ನಿಮ್ಮ ತಂಗಿಯ ದೊಡ್ಡ ಭಯ ಎಂದಿದ್ದೀರಿ. ದಾಂಪತ್ಯದಲ್ಲಿ ಗಂಡನೊಂದಿಗೆ ನೆಲೆಸಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗೆ ಇದೆ. ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದ ಮಾತ್ರಕ್ಕೆ ಆ ಹಕ್ಕು ಇಲ್ಲವಾಗುವುದಿಲ್ಲ ಎಂದು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಡೆಯಬಾರದೆಂಬ ರಕ್ಷಣಾ ಆದೇಶ, ಹೊರಗೆ ಹಾಕಬಾರದೆಂಬ ವಾಸದ ಆದೇಶ, ಜೀವನಾಂಶ, ಮಕ್ಕಳ ತಾತ್ಕಾಲಿಕ ವಶ, ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪೊಲೀಸರು ಬರೆಸಿಕೊಂಡ ಮುಚ್ಚಳಿಕೆಗೆ ಈ ಬಲ ಇಲ್ಲ. ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಇತ್ಯರ್ಥ ಎಂದು ಕಾಯ್ದೆಯಲ್ಲಿದ್ದರೂ ನಾನು ಕಂಡ ಪ್ರಕರಣಗಳು ತಿಂಗಳುಗಟ್ಟಲೆ ಎಳೆದಿವೆ. ಆದ್ದರಿಂದ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳುವಂತೆ ವಕೀಲರಿಗೆ ಒತ್ತಾಯಿಸಿ. ವಕೀಲರ ಶುಲ್ಕದ ಚಿಂತೆ ಬೇಡ: ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಿಂದ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ, ಅದರ ಸಹಾಯವಾಣಿ 15100. ತಂಗಿ ಕೆಲವು ದಿನ ಪುಣೆಗೆ ಬಂದು ನಿಮ್ಮ ಮನೆಯಲ್ಲಿದ್ದರೆ, ತಾತ್ಕಾಲಿಕ ವಾಸದ ಆಧಾರದ ಮೇಲೆ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಲು ಅವಕಾಶವಿದೆ.

ಇನ್ನು ಠಾಣೆಯ ವಿಚಾರ. ಗಂಡ ಅಥವಾ ಅವನ ಮನೆಯವರ ಕ್ರೌರ್ಯ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಅಪರಾಧ. ಹಿಂದೆ ಇದು 498ಎ ಆಗಿತ್ತು. ವೈವಾಹಿಕ ವ್ಯಾಜ್ಯಗಳಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಮಾಡಬಹುದೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ, ಠಾಣೆಗಳಲ್ಲಿ ಅದು ರಾಜಿ ಪಂಚಾಯಿತಿಯಾಗಿ ಬದಲಾಗುವುದೇ ನಮ್ಮ ತೊಂದರೆ. ಮೂರನೇ ಸಲ ಹೋಗಬೇಕಾಗಿ ಬಂದರೆ ದೂರನ್ನು ಬರಹದಲ್ಲಿ ಕೊಟ್ಟು, ಅದು ತಲುಪಿದ್ದಕ್ಕೆ ಹಿಂಬರಹ ಪಡೆಯದೆ ಬರಬಾರದು. ಕೊಡಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಇದನ್ನು ನೀವು ಪುಣೆಯಿಂದಲೇ ಅಂಚೆಗೆ ಹಾಕಬಹುದು, ಸಹಿ ಮಾತ್ರ ಅವರದ್ದಾಗಿರಲಿ.

ಇಷ್ಟರೊಳಗೆ ಆಧಾರ್, ಪಡಿತರ ಚೀಟಿ, ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಹಳೆಯ ಮುಚ್ಚಳಿಕೆಗಳ ನಕಲು, ಆಸ್ಪತ್ರೆ ಚೀಟಿ, ಇವುಗಳ ಜೆರಾಕ್ಸನ್ನು ನಂಬಿಕೆಯ ಒಬ್ಬ ನೆರೆಯವರ ಮನೆಯಲ್ಲಿ ಇಡಿಸಿ. ಗೃಹಲಕ್ಷ್ಮಿ ಹಣ ಬರುವ ಖಾತೆ ಸಾಮಾನ್ಯವಾಗಿ ಅತ್ತೆಯ ಹೆಸರಿನಲ್ಲಿರುತ್ತದೆ. ನಿಮ್ಮ ತಂಗಿಗೆ ತನ್ನದೇ ಬ್ಯಾಂಕ್ ಖಾತೆ ಇದೆಯೇ, ಅದಕ್ಕೆ ಜೋಡಿಸಿರುವ ಮೊಬೈಲ್ ಸಂಖ್ಯೆ ಗಂಡನದ್ದೇ ಎಂಬುದನ್ನು ಈ ವಾರವೇ ವಿಚಾರಿಸಿ.