ನಿಮ್ಮ ಕಯಾಕ್ ಲೇಖನದ ಬಗ್ಗೆ

ನಮಸ್ಕಾರ.

ಕಯಾಕ್ ಎಂಬ ಪುಟ್ಟ, ಕಿರಿದಾದ ದೋಣಿಯ ಬಗ್ಗೆ ನೀವು ಬರೆದ ‘ಕಯಾಕ್ ಮುಂದೆ ಹೋಗುವುದು ಹೇಗೆ?’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಒಂದೂವರೆ ಪುಟ ಬರೀ ನ್ಯೂಟನ್ನನ ಮೂರನೇ ನಿಯಮ. ಅದು ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆಮೇಲೆ, ‘ನೀರನ್ನು ಎಷ್ಟು ಜೋರಾಗಿ ಹಿಂದಕ್ಕೆ ಎಸೆಯುತ್ತೇವೋ ಅಷ್ಟು ಒಳ್ಳೆಯದು’ ಎಂದಿದ್ದೀರಿ. ಎಡವಿದ್ದು ಇಲ್ಲೇ. ಲೆಕ್ಕ ಹಾಕಿ ನೋಡಿ. ನಿಂತ 10 ಕೆಜಿ ನೀರಿಗೆ ಸೆಕೆಂಡಿಗೆ 2 ಮೀಟರ್ ವೇಗ ಕೊಡಿ, ಇಲ್ಲವೇ ಅಷ್ಟೇ ಹೊತ್ತಿನಲ್ಲಿ 20 ಕೆಜಿಗೆ 1 ಮೀಟರ್ ವೇಗ ಕೊಡಿ. ದೋಣಿಗೆ ಸಿಗುವ ನೂಕುಬಲ ಒಂದೇ. ಆದರೆ ನೀರಿನ ಪಾಲಾಗುವ ಶಕ್ತಿ ಮೊದಲನೆಯದರಲ್ಲಿ 20 ಜೂಲ್, ಎರಡನೆಯದರಲ್ಲಿ 10. ಅಂದರೆ ಜಾಸ್ತಿ ನೀರನ್ನು ಮೆಲ್ಲಗೆ ತಳ್ಳಬೇಕು. ಚೆನ್ನಾಗಿ ಹಾಕಿದ ಹುಟ್ಟಿನ ಅಲಗು ನೆಟ್ಟ ಗೂಟದ ಹಾಗೆ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ದೋಣಿಯೇ ಅದರ ಹತ್ತಿರ ಬಂದು ದಾಟಿಹೋಗುತ್ತದೆ.

(ನೀವು ಉದ್ದಕ್ಕೂ ಪ್ಯಾಡಲ್ ಅಂದಿದ್ದೀರಿ. ತಪ್ಪೇನಿಲ್ಲ. ಆದರೆ ಹುಟ್ಟು ಅನ್ನುವ ಪದ ಇರುವಾಗ ಒಂದು ಸಲವಾದರೂ ಬಳಸಬಹುದು, ಅಲ್ವಾ?)

ವಿಂಗ್ ಪ್ಯಾಡಲ್ ‘ರೆಕ್ಕೆಯಂತಿರುವುದರಿಂದ ಗಾಳಿಯನ್ನು ಸೀಳುತ್ತದೆ’ ಎಂಬುದು ಸುಮ್ನೆ ಊಹೆ. 1980ರ ದಶಕದಲ್ಲಿ ರೇಸಿನ ಕಯಾಕ್‌ಗಳಿಗೆ ಬಂದ ಈ ಹುಟ್ಟಿನ ಕರಾಮತ್ತೆಲ್ಲ ನೀರೊಳಗೆ. ಅದನ್ನು ನೇರ ಹಿಂದಕ್ಕೆ ಎಳೆಯುವುದಿಲ್ಲ, ದೋಣಿಯಿಂದ ಹೊರಗೆ ಓರೆಯಾಗಿ ಸರಿಯಲು ಬಿಡುತ್ತಾರೆ. ವಿಮಾನದ ರೆಕ್ಕೆಗೆ ಮೇಲಕ್ಕೆ ಸಿಗುವ ಲಿಫ್ಟ್ ಎಂಬ ಬಲ ಇಲ್ಲಿ ಮುಂದಕ್ಕೆ ಸಿಗುತ್ತದೆ. ಅಲಗಿಗೆ ಕದಡದ ಹೊಸ ನೀರೂ ಸಿಗುತ್ತಾ ಹೋಗುತ್ತದೆ. ಈ ಭಾಗ ಪೂರ್ತಿ ಹೊಸದಾಗಿ ಬರೆಯಿರಿ.

ಇನ್ನು ನಾಲ್ಕನೇ ಪುಟದ ಕೊನೆಗೆ ಬರೋಣ. ‘ಹುಟ್ಟು ಎತ್ತಿದ ಮೇಲೂ ಎರಡು ಪುಟ್ಟ ಸುಳಿಗಳು ಒಂದಕ್ಕೊಂದು ಎದುರಾಗಿ ತಿರುಗುತ್ತಾ ಹಿಂದೆ ಉಳಿದವು.’ ಅರೆ, ಪ್ಯಾಡಲ್ ಇಲ್ಲಿ ತಾನಾಗೇ ಹುಟ್ಟು ಆಗಿದೆ! ಇದು ನೀವು ಕಣ್ಣಾರೆ ಕಂಡದ್ದು, ಓದಿದಾಗಲೇ ಗೊತ್ತಾಗುತ್ತದೆ. ತೋಳಿನ ಶಕ್ತಿ ಸೋರಿಹೋಗುವುದು ಆ ಸುಳಿಗಳಲ್ಲೇ. ಅಲಗು ಸೊಂಟ ದಾಟಿದ ಮೇಲೂ ಎಳೆಯುತ್ತಿದ್ದರೆ ಅದು ನೀರನ್ನು ಮೇಲಕ್ಕೆತ್ತುತ್ತದೆ, ದೋಣಿಯ ಹಿಂಬದಿಯನ್ನು ಕೆಳಕ್ಕೆ ಒತ್ತುತ್ತದೆ. ಇಂಥ ಸಾಲನ್ನು ಕೊನೆಯಲ್ಲಿ ಬಚ್ಚಿಟ್ಟು ನ್ಯೂಟನ್ನನನ್ನು ಬಾಗಿಲಲ್ಲಿ ಯಾಕೆ ನಿಲ್ಲಿಸಿದಿರಿ?

ಸುಳಿಯಿಂದ ಶುರು ಮಾಡಿ. ಎರಡು ಪುಟ ಸಾಕು. ಮುಂದಿನ ಸಲ ನೀರಿಗೆ ಇಳಿದಾಗ, ಮೆಲ್ಲಗೆ ಎಳೆದರೆ ಸುಳಿ ಎಷ್ಟು ದೊಡ್ಡದು, ಗಬಕ್ಕನೆ ಎಳೆದರೆ ಎಷ್ಟು ದೊಡ್ಡದು, ನೋಡಿಕೊಂಡು ಬಂದು ಬರೆಯಿರಿ.

ಇಂತಿ,
ಸಂಪಾದಕ