ಬಿದ್ದವನು ಮತ್ತು ಸ್ಲೋ ಮೋಷನ್ ಪಂಡಿತರು

ಆಗಸ್ಟ್ ಕೊನೆಗೆ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅವರ ಆಟ) ಶುರುವಾಗುತ್ತದೆ, ಸೆಪ್ಟೆಂಬರ್ ನಡುವಿಗೆ ನನ್ನ ಇನ್‌ಬಾಕ್ಸ್ ತುಂಬುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ಟೆಕ್ಸಾಸ್, ಒಹಾಯೊ, ಜಾರ್ಜಿಯಾ ಕಡೆ ನೆಲೆಸಿರುವ ನಮ್ಮವರು. ಮಕ್ಕಳು ಅಲ್ಲಿನ ಕಾಲೇಜು ಸೇರಿದ ಮೇಲೆ ಶನಿವಾರದ ಆಟದ ಹುಚ್ಚು ಹಿಡಿಸಿಕೊಂಡವರು. ಡೌನ್ ಎಂದರೇನು, ಸ್ನ್ಯಾಪ್ ಎಂದರೇನು ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯದೇ ಆಯಿತು, ನಾನೂ ಪಾಠ ಮಾಡುವುದಿಲ್ಲ. ಹೊಸಬರಿಗೆ ಇಷ್ಟು ಸಾಕು: ಚೆಂಡು ಇಟ್ಟುಕೊಂಡು ಮುನ್ನುಗ್ಗುವವರು ಆಫೆನ್ಸ್, ತಡೆಯುವವರು ಡಿಫೆನ್ಸ್; ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು ಸ್ನ್ಯಾಪ್, ಅಲ್ಲಿಂದ ಆಟ ನಿಲ್ಲುವವರೆಗಿನ ಒಂದು ಸರದಿಯೇ ಪ್ಲೇ ಅಥವಾ ಡೌನ್. ಎಲ್ಲರಿಗೂ ಬೇಕಾಗಿರುವುದು ಒಂದೇ: ಬಿದ್ದವನು ನಿಜವಾಗಿ ಬಿದ್ದನೋ, ನಾಟಕ ಆಡಿದನೋ? ನಾನು ಸೈಡ್‌ಲೈನಿನಲ್ಲಿ ನಿಲ್ಲುವ ಅಥ್ಲೆಟಿಕ್ ಟ್ರೈನರ್. ಅಂದರೆ ಗಾಯಾಳುಗಳನ್ನು ನೋಡಿಕೊಳ್ಳುವವನು. ಜಿಮ್ ಮಾಸ್ತರ ಎಂದುಕೊಂಡು ಡಯಟ್ ಕೇಳಿದವರಿಗೆ ನಮಸ್ಕಾರ.

ಪ್ರಶ್ನೆ: ಎದುರಾಳಿಗಳು ಬಿರುಸಾಗಿ ಆಡುತ್ತಿರುವಾಗಲೇ ಡಿಫೆನ್ಸಿನವನೊಬ್ಬ ಕಾಲು ಹಿಡಿದುಕೊಂಡು ಬೀಳುತ್ತಾನೆ. ಒಂದು ಪ್ಲೇ ಆದ ಮೇಲೆ ಕುಣಿದುಕೊಂಡು ವಾಪಸ್ ಬರುತ್ತಾನೆ. ಮುಟ್ಟಿ ನೋಡಿದ ನಿಮಗೆ ಅದು ಸುಳ್ಳೆಂದು ಗೊತ್ತಾಗುವುದಿಲ್ಲವೇ? ಗೊತ್ತಾದರೆ ರೆಫ್ರಿಗೆ ಯಾಕೆ ಹೇಳುವುದಿಲ್ಲ?

ಅನುಮಾನ ಬರುತ್ತದೆ. ಗೊತ್ತಾಗುವುದಿಲ್ಲ. ಇವೆರಡರ ನಡುವೆ ಒಬ್ಬ ಹುಡುಗನ ಕುತ್ತಿಗೆಯೋ ತಲೆಯೋ ಇರುತ್ತದೆ, ಆದ್ದರಿಂದ ಹೇಳುವುದೂ ಇಲ್ಲ.

"ಒಂದೇ ಪ್ಲೇ ಬಿಟ್ಟು ವಾಪಸ್ ಬಂದ, ಅಂದಮೇಲೆ ಸುಳ್ಳೇ" ಎಂಬ ತರ್ಕವನ್ನು ಮೊದಲು ಬಿಡಿ. ಎರಡು ಮೂರು ನಿಮಿಷದಲ್ಲಿ ಇಳಿದುಹೋಗುವ ನಿಜವಾದ ತೊಂದರೆಗಳು ಈ ಆಟದಲ್ಲಿ ಬೇಕಾದಷ್ಟಿವೆ. ಮೀನಖಂಡ ಹಿಡಿದುಕೊಂಡರೆ ಪಾದವನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಹಿಡಿಯುತ್ತೇವೆ, ಗಂಟು ಸಡಿಲವಾಗುತ್ತದೆ, ಹುಡುಗ ಎದ್ದು ನಡೆಯುತ್ತಾನೆ. ಕುತ್ತಿಗೆ ಒಂದು ಕಡೆ ಎಳೆದುಹೋದಾಗ ಭುಜದಿಂದ ಬೆರಳ ತುದಿಯವರೆಗೆ ಉರಿದು ಕೈ ಜೋಮು ಹಿಡಿಯುವುದಕ್ಕೆ ಸ್ಟಿಂಗರ್ ಎನ್ನುತ್ತೇವೆ. ಹೆಚ್ಚಿನ ಸಲ ಅದೂ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಹೊಟ್ಟೆಗೆ ಹೊಡೆತ ಬಿದ್ದು ವಪೆ ಸೆಟೆದು ಉಸಿರು ಕಟ್ಟಿದವನು ನೋಡಲು ಸಾಯುವವನಂತಿರುತ್ತಾನೆ, ಸ್ವಲ್ಪ ಹೊತ್ತಿಗೆ ನೀರು ಕೇಳುತ್ತಾನೆ. ಈ ಮೂವರನ್ನೂ ಟಿವಿಯಲ್ಲಿ ನೋಡಿದ ನೀವು ನಟರೆಂದೇ ತೀರ್ಪು ಕೊಟ್ಟಿರುತ್ತೀರಿ.

ಇನ್ನೊಂದು "ಸಾಕ್ಷಿ" ಇದೆ. ಪ್ಲೇ ಮುಗಿದ ಮೇಲೆ ನೆಟ್ಟಗೆ ನಡೆದು ಬಂದನಂತೆ, ಸೈಡ್‌ಲೈನ್ ಕಡೆ ನೋಡಿದನಂತೆ, ಆಮೇಲೆ ಬಿದ್ದನಂತೆ. ಅಲ್ಲ ಸ್ವಾಮಿ, ಸೆಳೆತ ಬರುವುದೇ ಹಾಗೆ. ಪೂರ್ತಿ ದಮ್ಮು ಕಟ್ಟಿ ಓಡಿ, ನಿಂತು, ಮತ್ತೆ ಹೆಜ್ಜೆ ಎತ್ತುವಾಗ ದಣಿದ ಸ್ನಾಯು ಗಂಟಿಕ್ಕುತ್ತದೆ. ತಲೆಗೆ ಪೆಟ್ಟು ಬಿದ್ದವನೂ ಹಾಗೇ. ತನ್ನ ಜಾಗಕ್ಕೆ ಹೋಗಿ ನಿಂತ ಮೇಲೆ ತೂರಾಡಬಹುದು. ಸೈಡ್‌ಲೈನ್ ಕಡೆ ನೋಡಿದ್ದು ದೊಡ್ಡ ಪುರಾವೆಯಂತೆ. ಪ್ರತಿ ಪ್ಲೇ ಮುಂಚೆ ಡಿಫೆನ್ಸಿನ ಹುಡುಗರು ಸನ್ನೆ ತಿಳಿಯಲು ಅಲ್ಲಿಗೇ ನೋಡಬೇಕು, ಇನ್ನೆಲ್ಲಿಗೆ ನೋಡುತ್ತಾರೆ? ತುಣುಕನ್ನು ನಿಧಾನಕ್ಕೆ ಓಡಿಸಿ, ಕೆಂಪು ವೃತ್ತ ಎಳೆದು, "ದೇಹಭಾಷೆ ತಜ್ಞ" ಎಂದು ಹಣೆಪಟ್ಟಿ ಹಚ್ಚಿಕೊಂಡು ಲೈಕ್ ಎಣಿಸುವವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ.

ಹಾಗೆಂದು ನಾಟಕ ನಡೆಯುವುದೇ ಇಲ್ಲ ಎನ್ನುತ್ತಿಲ್ಲ. ಧಾರಾಳವಾಗಿ ನಡೆಯುತ್ತದೆ, ಅದಕ್ಕೆ ಕಾರಣ ಲೆಕ್ಕಾಚಾರ. 2008ರಲ್ಲಿ ಕಾಲೇಜು ಆಟಕ್ಕೆ 40 ಸೆಕೆಂಡಿನ ಪ್ಲೇ ಕ್ಲಾಕ್ ಬಂತು. ಪ್ಲೇ ಮುಗಿದ ಕೂಡಲೇ ಗಡಿಯಾರ ಓಡಲು ಶುರು, ಅದು ಮುಗಿಯುವುದರೊಳಗೆ ಮುಂದಿನ ಸ್ನ್ಯಾಪ್ ಆಗಬೇಕು. ಚೆಂಡನ್ನು ಜಾಗಕ್ಕಿಟ್ಟು ರೆಫ್ರಿ ಸರಿದರೆ ಆಫೆನ್ಸ್ ತಕ್ಷಣ ಸ್ನ್ಯಾಪ್ ಮಾಡಬಹುದು. ಓರೆಗಾನ್ ವಿಶ್ವವಿದ್ಯಾಲಯದ ಚಿಪ್ ಕೆಲ್ಲಿಯಂಥ ಕೋಚ್‌ಗಳು ಇದನ್ನೇ ಆಯುಧ ಮಾಡಿಕೊಂಡರು. ಆಫೆನ್ಸ್ ಒಬ್ಬನನ್ನು ಬದಲಿಸಿದರೆ ಡಿಫೆನ್ಸಿಗೂ ಬದಲಿಸಲು ಸಮಯ ಕೊಡಬೇಕು; ಬದಲಿಸದಿದ್ದರೆ ಕೊಡಬೇಕಿಲ್ಲ. ಹಾಗಾಗಿ ಅದೇ ಹನ್ನೊಂದು ಜನರನ್ನಿಟ್ಟುಕೊಂಡು ಉಸಿರಾಡಲು ಬಿಡದೆ ಓಡಿಸುತ್ತಾರೆ. ಎದುರಿಗಿರುವ 130 ಕಿಲೋ ಹುಡುಗ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿರುತ್ತಾನೆ, ಅವನ ಬದಲಿ ಸೈಡ್‌ಲೈನಿನಲ್ಲೇ ಚಡಪಡಿಸುತ್ತಿರುತ್ತಾನೆ. ಟೈಮ್‌ಔಟ್ ಕೇಳೋಣವೆಂದರೆ ಅರ್ಧ ಆಟಕ್ಕೆ ಸಿಗುವುದು ಮೂರೇ. ಒಬ್ಬ ಬಿದ್ದನೆನ್ನಿ: ಆಟ ನಿಲ್ಲುತ್ತದೆ, ಹನ್ನೊಂದೂ ಜನಕ್ಕೆ ನೀರು ಸಿಗುತ್ತದೆ, ಬದಲಿಗಳು ಒಳಗೆ ಬರುತ್ತಾರೆ, ಕೋಚ್‌ಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ. ಕೊಡಬೇಕಾದ ಬೆಲೆ, ಬಿದ್ದವನು ಒಂದು ಡೌನ್ ಹೊರಗೆ ಕೂರುವುದು. ಇಷ್ಟು ಅಗ್ಗಕ್ಕೆ ಸಿಕ್ಕರೆ ಯಾರು ಬಿಡುತ್ತಾರೆ?

ಸಿಕ್ಕಿಬಿದ್ದವರು ಕಡಿಮೆ. 2010ರ ನವೆಂಬರ್‌ನಲ್ಲಿ ಅಗ್ರಸ್ಥಾನದಲ್ಲಿದ್ದ ಓರೆಗಾನನ್ನು ಕ್ಯಾಲ್, ಅಂದರೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, 15 ಅಂಕಕ್ಕೆ ಕಟ್ಟಿಹಾಕಿ 13-15ರಿಂದ ಸೋತಿತು. ನಡುವೆ ಕ್ಯಾಲ್‌ನ ಲೈನ್‌ಮನ್ (ಮುಂದಿನ ಸಾಲಿನ ಆಟಗಾರ) ಒಬ್ಬ ಎಲ್ಲರಿಗೂ ಕಾಣುವಂತೆ ಕುಸಿದಿದ್ದ. ಹೇಳಿಕೊಟ್ಟವನು ನಾನೇ ಎಂದು ಡಿಫೆನ್ಸಿವ್ ಲೈನ್ ಕೋಚ್ ಟಾಷ್ ಲುಪೋಯಿ ಒಪ್ಪಿಕೊಂಡರು, ಒಂದು ಪಂದ್ಯ ಅಮಾನತಾದರು. ಮುಂದೆ 2022ರಲ್ಲಿ ಅದೇ ಓರೆಗಾನ್ ಅವರನ್ನೇ ಡಿಫೆನ್ಸ್ ಕೋಆರ್ಡಿನೇಟರ್ ಆಗಿ ಕರೆಸಿಕೊಂಡಿತು. ಈ ಲೋಕದಲ್ಲಿ ಇದು ಎಷ್ಟು ದೊಡ್ಡ ಕಳಂಕ ಎಂಬುದು ಇದರಿಂದ ತಿಳಿಯಬಹುದು. ಗಮನಿಸಿ, ಅಲ್ಲೂ ಸತ್ಯ ಹೊರಬಂದದ್ದು ತಪ್ಪೊಪ್ಪಿಗೆಯಿಂದ. ಯಾವ ವೈದ್ಯನ ಪರೀಕ್ಷೆಯಿಂದಲೂ ಅಲ್ಲ.

ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮ ಪುಸ್ತಕದ ನೀತಿಸಂಹಿತೆಯಲ್ಲಿ ಸುಳ್ಳು ಗಾಯ ಅಪ್ರಾಮಾಣಿಕತೆ ಎಂದು ಹಿಂದಿನಿಂದಲೂ ಬರೆದಿದೆ. ನೀತಿಪಾಠದಿಂದ ಏನೂ ಆಗಲಿಲ್ಲ. 2014ರಲ್ಲಿ ಪ್ಲೇ ಕ್ಲಾಕಿನ ಮೊದಲ 10 ಸೆಕೆಂಡು ಸ್ನ್ಯಾಪ್ ಮಾಡಲೇಬಾರದು ಎಂಬ ಪ್ರಸ್ತಾವ ಬಂತು. ಕೋಚ್‌ಗಳಾದ ನಿಕ್ ಸೇಬನ್, ಬ್ರೆಟ್ ಬೀಲೆಮಾ ಬೆನ್ನಿಗೆ ನಿಂತರು, ವೇಗದ ತಂಡಗಳು ಗದ್ದಲ ಎಬ್ಬಿಸಿದವು, ಅದು ಅಲ್ಲೇ ಬಿತ್ತು. 2022ರಿಂದ ಅನುಮಾನದ ವಿಡಿಯೊಗಳನ್ನು ಪಂದ್ಯದ ನಂತರ ರಾಷ್ಟ್ರೀಯ ಅಧಿಕಾರಿಗಳಿಗೆ ಕಳಿಸುವ ಪದ್ಧತಿ ಶುರುವಾಯಿತು, ಶಿಕ್ಷೆಯನ್ನು ಮಾತ್ರ ಆಯಾ ಕಾನ್ಫರೆನ್ಸಿಗೆ, ಅಂದರೆ ಕಾಲೇಜು ತಂಡಗಳ ಒಕ್ಕೂಟಕ್ಕೆ, ಬಿಟ್ಟರು. 2024ರ ನವೆಂಬರ್‌ನಲ್ಲಿ ಅಂಥದ್ದೇ ಒಂದು ಒಕ್ಕೂಟವಾದ ಎಸ್‌ಇಸಿಯ ಕಮಿಷನರ್ ಗ್ರೆಗ್ ಸ್ಯಾಂಕಿ ತಾಳ್ಮೆ ಕಳೆದುಕೊಂಡು ತಂಡಗಳಿಗೆ ಬರೆದರು: ಮೊದಲ ತಪ್ಪಿಗೆ ಮುಖ್ಯ ಕೋಚ್‌ಗೆ 50,000 ಡಾಲರ್ ದಂಡ, ಎರಡನೆಯದಕ್ಕೆ 1,00,000, ಮೂರನೆಯದಕ್ಕೆ ಮುಂದಿನ ಪಂದ್ಯದಿಂದ ಅಮಾನತು. ಹುಡುಗನನ್ನು ಬಿಟ್ಟು ಕೋಚ್‌ನ ಜೇಬಿಗೆ ಕೈ ಹಾಕಿದ್ದು ನನಗೆ ಹಿಡಿಸಿತು.

2025ರಿಂದ ಬಂದಿರುವ ನಿಯಮ ಇನ್ನೂ ಜಾಣತನದ್ದು. ಮುಂದಿನ ಪ್ಲೇಗೆ ಚೆಂಡು ಇಟ್ಟಾದ ಮೇಲೆ ಯಾರಾದರೂ ಬಿದ್ದು, ಅವನನ್ನು ನೋಡಲು ನಾವು ಮೈದಾನಕ್ಕೆ ಇಳಿದರೆ, ಅವನ ತಂಡದ ಒಂದು ಟೈಮ್‌ಔಟ್ ಹೋಗುತ್ತದೆ. ಟೈಮ್‌ಔಟ್ ಮುಗಿದಿದ್ದರೆ 5 ಗಜದ ದಂಡ. ಗಾಯ ನಿಜವೋ ಸುಳ್ಳೋ ಎಂದು ಈ ನಿಯಮ ಯಾರನ್ನೂ ಕೇಳುವುದಿಲ್ಲ. ನಾನು ಪೊಲೀಸ್ ಕೆಲಸ ಮಾಡಬೇಕಿಲ್ಲ, ರೆಫ್ರಿ ವೈದ್ಯನಾಗಬೇಕಿಲ್ಲ. ಅಷ್ಟರ ಮಟ್ಟಿಗೆ ಸಂತೋಷ.

ಆದರೆ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಕೋಚ್‌ಗಳು. ಚೆಂಡು ಇಡುವ ಮೊದಲೇ ಬಿದ್ದರೆ ಟೈಮ್‌ಔಟ್ ಹೋಗುವುದಿಲ್ಲವಲ್ಲ. ಇನ್ನು ಬೇಗ ಬೀಳುವುದನ್ನು ಕಲಿಸಿದರಾಯಿತು. ಅದಕ್ಕಿಂತ ನನ್ನ ನಿದ್ದೆ ಕೆಡಿಸುವುದು ಇದರ ಉಲ್ಟಾ ಪರಿಣಾಮ. ನಿಜವಾಗಿಯೇ ತಲೆ ತಿರುಗುತ್ತಿರುವವನು ತಂಡದ ಟೈಮ್‌ಔಟ್ ಉಳಿಸಲು ಹಲ್ಲು ಕಚ್ಚಿ ನಿಂತುಬಿಟ್ಟರೆ? ಕನ್‌ಕಷನ್ ಆದ, ಅಂದರೆ ಪೆಟ್ಟಿಗೆ ಮಿದುಳು ಅಲುಗಿದ ತಲೆಗೆ ಮತ್ತೊಂದು ಹೊಡೆತ ಬೀಳಲು ಹದಿನೈದು ಸೆಕೆಂಡು ಸಾಕು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಜೋರ್ಡನ್ ಮೆಕ್‌ನೇರ್ ತರಬೇತಿಯ ಓಟದಲ್ಲಿ ಕುಸಿದು, ಎರಡು ವಾರ ಕಳೆದು ತೀರಿಕೊಂಡ. ಮೊದಲು ಕಂಡದ್ದು ಸೆಳೆತ, ಒಳಗಿದ್ದದ್ದು ಬಿಸಿಲಾಘಾತ. ತಣ್ಣೀರಿನಲ್ಲಿ ಮುಳುಗಿಸಿ ಮೈ ತಂಪು ಮಾಡಲಿಲ್ಲ ಎಂದು ನಂತರದ ವಿಚಾರಣೆ ಹೇಳಿತು. ಅದು ಪಂದ್ಯವಲ್ಲ, ಅಲ್ಲಿ ನಾಟಕದ ಮಾತೂ ಇರಲಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ "ಬರೀ ಸೆಳೆತ, ನಾಟಕ ಆಡ್ತಿದಾನೆ" ಎಂದು ನಗುವವರಿಗೆ ಸೆಳೆತದ ಹಿಂದೆ ಏನಿರಬಹುದೆಂದು ತಿಳಿದಿರಲಿ.

ಹಾಗಾಗಿ ಯಾರು ಬಿದ್ದರೂ ನಾನು ಹೋಗುತ್ತೇನೆ. ಹತ್ತು ಸಲ ಬಿದ್ದವನು ಹನ್ನೊಂದನೇ ಸಲ ಬಿದ್ದರೂ ಹೋಗುತ್ತೇನೆ. ಮೊದಲು ಉಸಿರು, ಆಮೇಲೆ ಪ್ರಜ್ಞೆ, ಆಮೇಲೆ ಕುತ್ತಿಗೆ, ಅದೇ ಕ್ರಮದಲ್ಲಿ ನೋಡುತ್ತೇನೆ. ಟಿವಿಯಲ್ಲಿ ನೋಡುವ ನಿಮಗೆ ಬೇಜಾರಾದರೆ ಕಾಫಿ ಮಾಡಿಕೊಂಡು ಬನ್ನಿ.

ಪ್ರಶ್ನೆ: ಸೆಳೆತಕ್ಕೆ ಉಪ್ಪಿನಕಾಯಿ ನೀರು ಕುಡಿಸುತ್ತಾರಂತೆ. ನಮ್ಮ ಮಾವಿನ ಉಪ್ಪಿನಕಾಯಿ ರಸ ಆಗುತ್ತದೆಯೇ?

ಅಲ್ಲಿ ಕುಡಿಸುವುದು ಸೌತೆಕಾಯಿಯನ್ನು ವಿನೆಗರ್‌ನಲ್ಲಿ ಹಾಕಿಟ್ಟ ನೀರು. ಅದು ಹೊಟ್ಟೆಯಿಂದ ರಕ್ತ ಸೇರುವ ಮೊದಲೇ ಸೆಳೆತ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ಗಂಟಲಿಗೆ ತಾಗುವ ಹುಳಿಯಿಂದ ನರಗಳ ಮಟ್ಟದಲ್ಲಿ ಏನೋ ಆಗುತ್ತದೆ ಎಂಬುದು ಊಹೆ. ಎಣ್ಣೆ, ಮೆಣಸಿನಪುಡಿ ತುಂಬಿದ ಅಪ್ಪೆಮಿಡಿ ರಸವನ್ನು ಓಡುವ ಹುಡುಗನ ಹೊಟ್ಟೆಗೆ ಹಾಕಿ ಏನು ಸಾಧಿಸುತ್ತೀರಿ? ಅನ್ನಕ್ಕೆ ಕಲಸಿಕೊಳ್ಳಿ.

ಪ್ರಶ್ನೆ: ತಾಮ್ರದ ಬಳೆ, ಮೆಗ್ನೀಸಿಯಂ ಸ್ಪ್ರೇ, ಕಾಲಿಗೆ ಕಟ್ಟುವ ಅಯಸ್ಕಾಂತ?

ಮಾರುವವರ ಸೆಳೆತ ಹೋಗುತ್ತದೆ.

ಪ್ರಶ್ನೆ: ಇದು ಈಗಿನ ಹುಡುಗರ ಚಾಳಿಯೇ?

ಅಲ್ಲ. ವೃತ್ತಿಪರ ಲೀಗಿನ ಸಿನ್ಸಿನಾಟಿ ಬೆಂಗಾಲ್ಸ್ ಹಡಲ್ (ಪ್ಲೇಗೆ ಮುಂಚೆ ಗುಂಪುಗೂಡಿ ಮಾತಾಡಿಕೊಳ್ಳುವುದು) ಇಲ್ಲದೆ ಆಡಿ ಎಲ್ಲರನ್ನೂ ಸುಸ್ತು ಮಾಡುತ್ತಿದ್ದ 1989ರ ಜನವರಿಯಲ್ಲೇ ಎದುರಾಳಿಗಳು ಹೀಗೇ ಬೀಳುತ್ತಿದ್ದಾರೆ ಎಂಬ ದೂರಿತ್ತು.

ಪ್ರಶ್ನೆ: 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ರಿಷಭ್ ಪಂತ್ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡದ್ದು ಜಾಣತನ ಎನ್ನುತ್ತೇವೆ. ಅಮೆರಿಕದವರು ಮಾಡಿದರೆ ಮೋಸವೇ?

ಈ ಪ್ರಶ್ನೆ ಕೇಳಿದವರಿಗೆ ಶಹಬ್ಬಾಸ್. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಬೇಕಿದ್ದಾಗ ಆಟದ ಓಟ ಮುರಿಯಲು ಪಂತ್ ತಲೆ ಓಡಿಸಿದ ಎಂದು ರೋಹಿತ್ ಶರ್ಮಾ ಅವರೇ ಟಿವಿಯಲ್ಲಿ ನಗುತ್ತಾ ಹೇಳಿದರು, ನಾವೂ ನಕ್ಕೆವು. ಆದರೆ ಅದೇ ಪಂತ್‌ಗೆ 2022ರ ಕಾರು ಅಪಘಾತದ ನಂತರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಅಲ್ಲಿ ಹೋದ ಫಿಸಿಯೊ ಜಾಗದಲ್ಲಿ ನಾನಿದ್ದಿದ್ದರೆ? ಪಟ್ಟಿ ಕಟ್ಟುತ್ತಿದ್ದೆ, ಬಾಯಿ ಮುಚ್ಚಿಕೊಂಡು.

ಪ್ರಶ್ನೆ: ಬಿದ್ದವನನ್ನು ಪ್ರೇಕ್ಷಕರು ಕೂಗಿ ಅಣಕಿಸುವುದು ತಪ್ಪೇ?

ತಪ್ಪು. 2021ರಲ್ಲಿ ಅಯೋವಾ ಮೈದಾನದಲ್ಲಿ ಪೆನ್ ಸ್ಟೇಟ್ ಆಟಗಾರರು ಬಿದ್ದಾಗಲೆಲ್ಲ ಸಾವಿರಾರು ಜನ ಹೀಗೆ ಕೂಗಿದರು. ಅವರಲ್ಲಿ ಒಬ್ಬನೂ ಹುಡುಗರ ನಾಡಿ ಹಿಡಿದು ನೋಡಿರಲಿಲ್ಲ.

ಪ್ರಶ್ನೆ: ಮಗ ಟೆಕ್ಸಾಸಿನ ಹೈಸ್ಕೂಲ್ ತಂಡದಲ್ಲಿದ್ದಾನೆ. ಕೋಚ್ ಸನ್ನೆ ಮಾಡಿದಾಗ ಬೀಳಬೇಕೆಂದು ಹೇಳಿಕೊಟ್ಟಿದ್ದಾರಂತೆ. "ಎಲ್ಲರೂ ಮಾಡ್ತಾರಮ್ಮ" ಅನ್ನುತ್ತಾನೆ. ಏನು ಮಾಡಲಿ?

ಗ್ಯಾಲರಿಯಿಂದ ಕೋಚ್ ಮೇಲೆ ಕೂಗಾಡಬೇಡಿ, ನಾಳೆಯಿಂದ ಹುಡುಗನಿಗೆ ಬೆಂಚೇ ಗತಿಯಾಗುತ್ತದೆ. ಶಾಲೆಯ ಅಥ್ಲೆಟಿಕ್ ಟ್ರೈನರ್ ಹತ್ತಿರ ಒಬ್ಬರೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರಿಗೆ ಈ ವಿಷಯ ಗೊತ್ತಿರಲೇಬೇಕು; ಕೋಚ್ ಹತ್ತಿರ ಮಾತಾಡುವ ಬಗೆ ಅವರಿಗೆ ತಿಳಿದಿರುತ್ತದೆ. ಅಲ್ಲಿ ಆಗದಿದ್ದರೆ ಅಥ್ಲೆಟಿಕ್ ಡೈರೆಕ್ಟರ್‌ಗೆ ಬರೆದು ಕೊಡಿ, ಬಾಯಿಮಾತು ಬೇಡ. ಮಗನಿಗೆ ಬುದ್ಧಿವಾದ ಹೇಳಿದರೆ ಕೇಳುವ ವಯಸ್ಸಲ್ಲ. ಅವನಿಗೆ ಇಷ್ಟು ಹೇಳಿ: ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದರೆ, ಕೈ ಜೋಮು ಹಿಡಿದರೆ, ಬಿಸಿಲಿನಲ್ಲಿ ಏನೋ ಒಂಥರಾ ಗೊಂದಲ ಅನ್ನಿಸಿದರೆ, ಯಾರ ಸನ್ನೆಗೂ ಕಾಯದೆ ಅಲ್ಲೇ ಕೂತುಬಿಡು, ಟೈಮ್‌ಔಟ್ ಹಾಳಾಗಲಿ.

ಹೋದಾಗ ಇನ್ನೊಂದು ಕೆಲಸ ಮಾಡಿ. ಆಗಸ್ಟ್ ತಿಂಗಳ ಅಭ್ಯಾಸದ ಮೈದಾನದ ಪಕ್ಕ ತಣ್ಣೀರಿನ ಟಬ್ ಇದೆಯೇ, ಅದರಲ್ಲಿ ಐಸ್ ಹಾಕಿದ್ದಾರೆಯೇ ಎಂದು ನೋಡಿ. ಮೂಲೆಯಲ್ಲಿ ಬೋರಲು ಹಾಕಿಟ್ಟಿದ್ದರೆ ಸುಳ್ಳು ಗಾಯದ ಮಾತು ಆಮೇಲೆ, ಮೊದಲು ಆ ಟಬ್ ಬಗ್ಗೆ ಜಗಳ ಆಡಿ.